ನೊರ್ಬು ದಾದಾನ ಬೆಟ್ಟ, ನನ್ನ ಹೊಟ್ಟೆಕಿಚ್ಚು

ಮನುಷ್ಯ ತನ್ನ ಕೋಪವನ್ನು ಒಪ್ಪಿಕೊಳ್ಳುತ್ತಾನೆ, ಸೋಮಾರಿತನವನ್ನು ಒಪ್ಪಿಕೊಳ್ಳುತ್ತಾನೆ, ಸಕ್ಕರೆ ಕಾಯಿಲೆಯನ್ನಂತೂ ಮನೆಗೆ ಬಂದವರ ಮುಂದೆ ಪ್ರಶಸ್ತಿ ಬಂದವರ ಹಾಗೆ ಹೇಳಿಕೊಳ್ಳುತ್ತಾನೆ. ಆದರೆ ‘ನನಗೆ ಹೊಟ್ಟೆಕಿಚ್ಚು’ ಎಂದು ಬಾಯಿಬಿಟ್ಟು ಹೇಳಿದವನನ್ನು ನಾನಿನ್ನೂ ಕಂಡಿಲ್ಲ. ಅದರಲ್ಲೂ ನಾನಿರುವ ಕೋಲ್ಕತ್ತದಲ್ಲಿ ಅದನ್ನು ಬಚ್ಚಿಡುವುದು ಬಹಳ ಸುಲಭ. ಇಲ್ಲಿ ಮನುಷ್ಯನಿಗೆ ಏನೇ ಆದರೂ ಅದು ಗ್ಯಾಸ್. ತಲೆ ನೋವಾದರೂ ಗ್ಯಾಸ್, ಮಂಡಿ ನೋವಾದರೂ ಗ್ಯಾಸ್. ನಮ್ಮ ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನವನಿಗೆ ಪ್ರಮೋಷನ್ ಬಂದ ದಿನ ನಾನು ಊಟದ ಡಬ್ಬಿ ಬಿಚ್ಚದೆ ಕೂತಿದ್ದೆ. ಮೂವರು ಸಹೋದ್ಯೋಗಿಗಳು ಮರುಕದಿಂದ ತಮ್ಮ ತಮ್ಮ ಜೇಬಿನಿಂದ ಮಾತ್ರೆ ತೆಗೆದು ಕೊಟ್ಟರೇ ಹೊರತು ಒಬ್ಬರೂ ಅನುಮಾನಪಡಲಿಲ್ಲ. ಇಪ್ಪತ್ತೆರಡು ವರ್ಷ ಹೀಗೆ ಗ್ಯಾಸಿನ ಮರೆಯಲ್ಲಿ ಮಾನವಾಗಿ ಬದುಕಿದವನು ನಾನು. ಕಳೆದ ನವೆಂಬರಿನಲ್ಲಿ ಬೆಟ್ಟದ ಮೇಲೆ ಸಿಕ್ಕಿಬಿದ್ದೆ.

ಅದಕ್ಕೆ ಮೊದಲು ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು ಹೇಳಬೇಕು. ನಾನು ಕಾರ್ಕಳದವನು, ಕೆಲಸದಲ್ಲಿ ಬ್ಯಾಂಕಿನವನು, ಆದರೆ ಸ್ವಭಾವದಲ್ಲಿ ಗೈಡು. ಊರಿನಿಂದ ಯಾರೇ ಕಾಳಿಯ ದರ್ಶನಕ್ಕೆಂದು ಬಂದರೂ ನಮ್ಮ ಮನೆಯಲ್ಲೇ ಇಳಿಯುತ್ತಾರೆ. ಕಾಳಿಘಾಟ್ ನಮ್ಮ ಫ್ಲ್ಯಾಟಿನಿಂದ ನಡೆದುಹೋಗುವಷ್ಟು ಹತ್ತಿರ. ದರ್ಶನ ಮುಗಿಸಿ ನಾನು ಅವರನ್ನು ಮೆಟ್ರೋದಲ್ಲಿ ಎಸ್ಪ್ಲನೇಡಿಗೆ ಕರೆದೊಯ್ಯುತ್ತೇನೆ, ಅಲ್ಲಿಂದ ಪಾರ್ಕ್ ಸ್ಟ್ರೀಟಿನವರೆಗೆ ನಡೆಸುತ್ತೇನೆ. ಒಂದೊಂದು ಕಟ್ಟಡದ ಮುಂದೆ ನಿಲ್ಲಿಸಿ, ಕಟ್ಟಿದವರು ಯಾರು, ಕೆಡಿಸಿದವರು ಯಾರು ಎಂದು ವಿವರಿಸುತ್ತೇನೆ. ಗೊತ್ತಿಲ್ಲದ ಕಡೆ ‘ಇದು ಬ್ರಿಟಿಷರ ಕಾಲದ್ದು’ ಅಂದರೆ ಸಾಕು, ಈ ಊರಿನಲ್ಲಿ ಅದು ತಪ್ಪಾಗುವ ಸಂಭವ ಕಡಿಮೆ. ಬಂದವರು ಬೆವರೊರೆಸಿಕೊಳ್ಳುತ್ತ ‘ಓಹೋ’ ಎನ್ನುತ್ತಾರೆ. ಆ ‘ಓಹೋ’ ಕೇಳಿದರೆ ನನಗೆ ರಾತ್ರಿಯ ಊಟ ಬೇಡ. ನನ್ನ ಹೆಂಡತಿ ವಸಂತಿ ಮಾತ್ರ ಈ ಸವಾರಿಗೆ ಬರುವುದಿಲ್ಲ. “ನೀವು ಹೋಗಿ ಬನ್ನಿ, ನನಗೆ ಅಡಿಗೆ ಉಂಟು” ಎನ್ನುತ್ತಾಳೆ. ಅಡಿಗೆ ಮುಗಿದಿದ್ದರೂ ಹಾಗೇ ಎನ್ನುತ್ತಾಳೆ.

ಇಂಥ ನನಗೆ ಮಗಳು ಮದುವೆಯ ಇಪ್ಪತ್ತೈದನೆಯ ವರ್ಷದ ಉಡುಗೊರೆಯೆಂದು ಉತ್ತರ ಬಂಗಾಳದ ಬೆಟ್ಟದೂರು ಕಾಲಿಂಪಾಂಗಿನಲ್ಲಿ ಮೂರು ದಿನದ ವಾಸ ಗೊತ್ತುಮಾಡಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. “ಅಪ್ಪಾ, ಒಂದು ದಿನ ಪ್ರೈವೇಟ್ ಗೈಡೆಡ್ ಟೂರ್ ಭೀ ಬುಕ್ ಮಾಡಿದ್ದೇನೆ. ಓನ್ಲಿ ಫಾರ್ ಯು ಟೂ. ಹಳೇ ಕೋಟೆ, ಬೌದ್ಧರ ಗೊಂಪಾ, ವಿಲೇಜ್ ಲಂಚ್, ಎಲ್ಲ ಉಂಟು” ಅಂದಳು. ಅವಳ ಕನ್ನಡ ಹಾಗೇ, ಮೂರು ಭಾಷೆಗಳ ಭೇಲ್‌ಪುರಿ.

“ಗೈಡಾ? ನನಗಾ?” ಅಂದೆ.

“ಅಮ್ಮನಿಗೆ,” ಅಂದಳು.

ಹೊರಡುವ ಮೊದಲಿನ ಎರಡು ವಾರ ನಾನು ಸುಮ್ಮನೆ ಕೂರಲಿಲ್ಲ. ಕಾಲಿಂಪಾಂಗಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಗುರುತು ಹಾಕಿಕೊಂಡೆ. ಗೈಡು ಯಾರೋ ಕಾಲೇಜು ಬಿಟ್ಟ ಹುಡುಗ ಇರುತ್ತಾನೆ, ಎರಡು ಪ್ರಶ್ನೆಗೆ ತಡವರಿಸುತ್ತಾನೆ, ಮೂರನೆಯದಕ್ಕೆ ನಾನೇ ಉತ್ತರ ಹೇಳಿ ಬೆನ್ನು ತಟ್ಟುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೋಟೆಲಿನ ಮುಂದೆ ಒಂದು ತೊಳೆದ ಜೀಪು ಬಂದು ನಿಂತಿತು. ಇಳಿದವರು ಹುಡುಗನಲ್ಲ. ನನ್ನದೇ ವಯಸ್ಸು, ಹೆಚ್ಚೆಂದರೆ ಎರಡು ವರ್ಷ ದೊಡ್ಡವರಿರಬೇಕು. ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಕೋಟು. ತಲೆಯ ತುಂಬ ಕೂದಲು, ಅದೂ ಹದವಾಗಿ ನರೆತದ್ದು. ಈ ಕೂದಲನ್ನು ನಾನು ಅವತ್ತಿಡೀ ಕ್ಷಮಿಸಲಿಲ್ಲ. ಹೆಸರು ನೊರ್ಬು. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಕಲಿಸಿ ಸ್ವಯಂ ನಿವೃತ್ತಿ ಪಡೆದವರಂತೆ. ಜೀಪನ್ನೂ ಅವರೇ ಓಡಿಸುತ್ತಾರಂತೆ. “ಮೇಡಂಗೆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆಯೇ?” ಎಂದು ಹಿಂದಿಯಲ್ಲಿ ಕೇಳಿದರು. ವಸಂತಿ ಹೌದೆಂದಳು. “ಹಾಗಾದರೆ ಮುಂದೆ ಕೂರಿ” ಎಂದು ತಾವೇ ಬಾಗಿಲು ತೆರೆದರು. ನಾನು ಹಿಂದಿನ ಸೀಟಿನಲ್ಲಿ ಎರಡು ಸ್ವೆಟರ್, ಒಂದು ಫ್ಲಾಸ್ಕು, ಒಂದು ಚೀಲ ಕಿತ್ತಳೆಯ ಜೊತೆ ಕೂತೆ.

ದಾರಿಯುದ್ದಕ್ಕೂ ಅವರು ಹೇಳಿದರು, ಅವಳು ಕೇಳಿದಳು. ಈ ದಾರಿಯಲ್ಲೇ ಒಂದು ಕಾಲಕ್ಕೆ ಟಿಬೆಟ್ಟಿನ ಉಣ್ಣೆ ಹೇಸರಗತ್ತೆಗಳ ಬೆನ್ನ ಮೇಲೆ ಕಣಿವೆ ದಾಟಿ ಬರುತ್ತಿತ್ತಂತೆ. ಅವರ ಅಜ್ಜನೇ ಅಂಥ ಗುಂಪಿನ ಮುಂದಾಳು. ಎಲ್ಲಕ್ಕಿಂತ ಮುಂದೆ ನಡೆಯುವ ಹೇಸರಗತ್ತೆಯ ಕೊರಳಿಗೆ ಗಂಟೆ, ಹಣೆಗೆ ಕನ್ನಡಿ ಕಟ್ಟುತ್ತಿದ್ದರಂತೆ, ಎದುರು ಬರುವ ದೆವ್ವ ತನ್ನ ಮುಖ ತಾನೇ ನೋಡಿ ಹೆದರಿ ಓಡಲಿ ಎಂದು.

“ಹೌದಾ!” ಎಂದಳು ವಸಂತಿ. ಆಮೇಲೆ, “ಗಂಟೆಯ ಸದ್ದು ಎಷ್ಟು ದೂರ ಕೇಳುತ್ತಿತ್ತು, ದಾದಾ?”

ದಾದಾ ಎಂದರೆ ಬಂಗಾಳಿಯಲ್ಲಿ ಅಣ್ಣ. ಕೋಲ್ಕತ್ತದಲ್ಲಿ ಬಸ್ ಕಂಡಕ್ಟರನೂ ದಾದಾ, ಮೀನು ಮಾರುವವನೂ ದಾದಾ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೊಟ್ಟೆಗೆ ಬಂಗಾಳಿ ಬರುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ಈ ಹೆಂಗಸು ನನ್ನನ್ನು ಒಂದು ಕಟ್ಟಡದ ಬಗ್ಗೆ, ಒಂದು ಸೇತುವೆಯ ಬಗ್ಗೆ, ಹೋಗಲಿ ಒಂದು ಟ್ರಾಮಿನ ಬಗ್ಗೆ ಏನಾದರೂ ಕೇಳಿದ್ದಾಳೆಯೇ ಎಂದು ಕಿತ್ತಳೆ ಸುಲಿಯುತ್ತ ನೆನಪು ಮಾಡಿಕೊಂಡೆ. ‘ಬರುವಾಗ ತೆಂಗಿನಕಾಯಿ ತನ್ನಿ’ ಎಂಬುದನ್ನು ಪ್ರಶ್ನೆಯೆಂದು ಗಣಿಸುವಂತಿರಲಿಲ್ಲ.

ಒಂದು ತಿರುವಿನಲ್ಲಿ ಕಣಿವೆ ತೆರೆದುಕೊಂಡಿತು. ದೂರದಲ್ಲಿ ಬೆಳ್ಳಗೆ ಏನೋ ಕಂಡಿತು. ಗೈಡು ಬಾಯಿ ತೆರೆಯುವ ಮೊದಲೇ ನಾನು ಸೀಟುಗಳ ನಡುವೆ ತಲೆ ತೂರಿಸಿ, “ವಸಂತೀ, ನೋಡು! ಕಾಂಚನಜುಂಗಾ!” ಎಂದು ಕೂಗಿದೆ.

ನೊರ್ಬು ಜೀಪು ನಿಲ್ಲಿಸಿದರು. ಬಹಳ ಮೃದುವಾಗಿ, ಹಿಂದಿನ ಬೆಂಚಿನ ಹುಡುಗನಿಗೆ ಹೇಳುವ ಹಾಗೆ, “ಸರ್, ಅದು ಮೋಡ. ಬೆಟ್ಟ ಅದರ ಮೇಲಿದೆ, ಇನ್ನೂ ಸ್ವಲ್ಪ ತಲೆ ಎತ್ತಿ” ಎಂದರು. ತಲೆ ಎತ್ತಿದೆ. ಆಕಾಶವೆಂದು ನಾನು ಬಿಟ್ಟಿದ್ದ ಜಾಗದಲ್ಲಿ ಅದು ನಿಂತಿತ್ತು. ಅಷ್ಟು ಎತ್ತರದಲ್ಲಿ ಬೆಟ್ಟವೊಂದು ಇರುವುದು ಸಾಧ್ಯ ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ವಸಂತಿ ಮೊದಲು ನಕ್ಕಳು, ಆಮೇಲೆ ಕೈಮುಗಿದಳು. ನಕ್ಕದ್ದು ನನಗೆ, ಕೈಮುಗಿದದ್ದು ಬೆಟ್ಟಕ್ಕೆ.

“ನಮ್ಮ ಕಾರ್ಕಳದಲ್ಲೂ ಬೆಟ್ಟ ಉಂಟು, ಮೇಲೆ ಗೊಮ್ಮಟ ಉಂಟು” ಎಂದು ನಾನು ಹೇಳಿದೆ. ನೊರ್ಬು ಜೀಪು ಮುಂದಕ್ಕೆ ಬಿಟ್ಟರು.

ಕೋಟೆಗೆ ಕಾಡಿನೊಳಗೆ ಹತ್ತಿ ಹೋಗಬೇಕು. ನಾನು ಅಲ್ಲಲ್ಲಿ ನಿಂತು ಪ್ರಕೃತಿಯನ್ನು ಸವಿದೆ, ಅಂದರೆ ಉಸಿರು ತೆಗೆದುಕೊಂಡೆ. ಅವರಿಬ್ಬರೂ ಮುಂದೆ ಹೋಗುತ್ತಿದ್ದರು. ಒಂದು ಪಾಚಿಗಟ್ಟಿದ ಕಲ್ಲು ದಾಟುವಾಗ ಅವರು ಕೈ ಕೊಟ್ಟರು, ಅವಳು ಹಿಡಿದು ದಾಟಿದಳು. ಕಲ್ಲಿಗೆ ನಾನು ಬಂದಾಗ ಅವರು ನನಗೂ ಕೈ ಕೊಟ್ಟರು. ಬೇಡವೆಂದೆ. ಆಮೇಲೆ ಕುಳಿತೇ ದಾಟಿದೆ. ಮೇಲೆ ಕೋಟೆ ಎನ್ನುವಂಥದ್ದೇನೂ ಉಳಿದಿಲ್ಲ. ನಾಲ್ಕು ಮುರಿದ ಗೋಡೆ, ನಡುವೆ ಹುಲ್ಲು. ಆದರೆ ನೊರ್ಬು ಒಂದು ಗೋಡೆಗೆ ಕೈ ಇಟ್ಟು ಲೆಪ್ಚಾ ಜನರ ಕೊನೆಯ ರಾಜನ ಕತೆ ಹೇಳಿದರು. ಯುದ್ಧದಲ್ಲಿ ಸೋಲಿಸಲಾಗದ ಅವನನ್ನು ಸ್ನೇಹದ ಮಾತಾಡಿ ಕರೆಸಿ, ಊಟಕ್ಕೆ ಕೂರಿಸಿ ಕೊಂದರಂತೆ. ಅವರು ದನಿ ಏರಿಸಲಿಲ್ಲ, ಕೈಯಾಡಿಸಲಿಲ್ಲ. ವಸಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹಿಂದಿನ ವರ್ಷ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ನಿಗೆ ಮಲಗಿದ್ದಾಗ ಅವಳ ಕಣ್ಣು ಒದ್ದೆಯಾದದ್ದು ನನಗೆ ನೆನಪಿಲ್ಲ. ಸತ್ತು ಮುನ್ನೂರು ವರ್ಷವಾದರೂ ಆಗಿರಬೇಕಾದ ಒಬ್ಬ ರಾಜನ ಮೇಲೂ ಹೊಟ್ಟೆಕಿಚ್ಚುಪಡಬಹುದು ಎಂಬುದು ಅಂದು ನನಗೆ ತಿಳಿಯಿತು.

ಊಟ ನೊರ್ಬು ಅವರ ಮನೆಯಲ್ಲೇ. ಮರದ ಮನೆ, ಮುಂದೆ ಆರ್ಕಿಡ್ ಕುಂಡಗಳು. ಅವರ ಹೆಂಡತಿ ಪೆಮಾ ಬಿಸಿ ಬಿಸಿ ನೂಡಲ್ಸ್ ಸಾರು, ಒಣಗಿಸಿದ ಸೊಪ್ಪಿನ ಹುಳಿ, ಅನ್ನ ಬಡಿಸಿದರು. ದುಂಡು ಮುಖದ, ಮಾತಿಗೆ ಹಾತೊರೆಯುವ ಹೆಂಗಸು. ನಮ್ಮ ಊರು ಯಾವುದೆಂದು ಕೇಳಿದರು. ಕರ್ನಾಟಕದ ಕರಾವಳಿ ಎಂದೆ.

“ಕರಾವಳಿ ಅಂದರೆ ಸಮುದ್ರ ಇದೆಯಾ?” ಅವರ ಕೈಯ ಸೌಟು ಅಲ್ಲೇ ನಿಂತಿತು. “ನಾನು ಸಮುದ್ರ ನೋಡೇ ಇಲ್ಲ, ಭಾಯಿಸಾಬ್. ಹೇಗಿರುತ್ತದೆ?”

ಕಾರ್ಕಳಕ್ಕೂ ಕಡಲಿಗೂ ಎಷ್ಟು ದೂರ ಎಂಬ ವಿಷಯವನ್ನು ನಾನು ಎತ್ತಲಿಲ್ಲ. ಹೇಳತೊಡಗಿದೆ. ಮಳೆಗಾಲದಲ್ಲಿ ಕಡಲು ಹೇಗೆ ಮೊರೆಯುತ್ತದೆ, ಮೊರೆತ ತೆಂಕಿನಿಂದ ಬಂದರೆ ಏನು, ಬಡಗಿನಿಂದ ಬಂದರೆ ಏನು ಎಂದು ಹಳಬರು ಮನೆಯೊಳಗೆ ಮಲಗಿಯೇ ಹೇಗೆ ಹೇಳುತ್ತಿದ್ದರು. ಮಳೆ ಇಳಿದ ಮೇಲೆ ಬರುವ ನೂಲಹುಣ್ಣಿಮೆಗೆ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟು, ‘ಇನ್ನು ಸಿಟ್ಟು ಸಾಕು’ ಎಂದು ಹೇಗೆ ಬೇಡಿಕೊಳ್ಳುತ್ತಾರೆ. ನನ್ನನ್ನೂ ಸೇರಿಸಿ ಇಡೀ ಊರು ಸಾಲಾಗಿ ನಿಂತು ದಡಕ್ಕೆ ಬಲೆ ಎಳೆಯುವಾಗ, ಬಲೆ ಇನ್ನೂ ನೀರಿನಲ್ಲಿರುವಾಗಲೇ, ಹಗ್ಗದ ನಡುಕವನ್ನು ಅಂಗೈಯಲ್ಲಿ ಹಿಡಿದು ಬಂಗುಡೆಯೋ ಬೂತಾಯಿಯೋ ಎಂದು ಹೇಳುವ ಒಬ್ಬ ಮುದುಕನಿದ್ದ ಎಂದೂ ಹೇಳಿದೆ. ಪೆಮಾ ಊಟ ಮರೆತು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. “ಆಮೇಲೆ? ಅವನು ಹೇಳಿದ್ದು ಸರಿಯಾಗುತ್ತಿತ್ತಾ?”

ನೊರ್ಬು ಗಂಟಲು ಸರಿಮಾಡಿಕೊಂಡರು. “ಅಂದ ಹಾಗೆ, ನಮ್ಮ ಈ ಬೆಟ್ಟಗಳೂ ಒಂದು ಕಾಲದಲ್ಲಿ ಸಮುದ್ರದ ತಳದಲ್ಲೇ ಇದ್ದವು...”

“ಅದನ್ನು ನೀವು ನಮ್ಮ ಮದುವೆಯಾದಾಗಿನಿಂದ ಹೇಳುತ್ತಿದ್ದೀರಿ,” ಎಂದರು ಪೆಮಾ ಅವರ ಕಡೆ ತಿರುಗದೆ. “ಸ್ವಲ್ಪ ಸುಮ್ಮನಿರಿ. ಭಾಯಿಸಾಬ್ ಹೇಳಲಿ.”

ನಾನು ನೊರ್ಬು ಅವರ ಮುಖ ನೋಡಿದೆ. ಕನ್ನಡಿ ನೋಡಿದ ಹಾಗಾಯಿತು. ಪೆಮಾ ಎರಡನೆಯ ಸಲ ಅನ್ನ ಬಡಿಸಲು ಬಂದಾಗ ನೊರ್ಬು ತಟ್ಟೆಗೆ ಕೈ ಅಡ್ಡ ಹಿಡಿದು, “ಬೇಡ, ಯಾಕೋ ಹೊಟ್ಟೆ ಸರಿ ಇಲ್ಲ” ಎಂದರು. ನಾನು ಇನ್ನೂ ಎರಡು ಕತೆ ಹೇಳಿ, ಮೂರನೆಯ ಸಲವೂ ಬಡಿಸಿಕೊಂಡೆ.

ವಾಪಸು ಹೊರಟಾಗ ವಸಂತಿ ಮುಂದಿನ ಬಾಗಿಲು ಬಿಟ್ಟು ಹಿಂದೆ ಬಂದು ನನ್ನ ಪಕ್ಕ ಕೂತಳು. ನೊರ್ಬು ದಾರಿಯ ಮೇಲೆ ಕಣ್ಣಿಟ್ಟು ಮೌನವಾಗಿ ಜೀಪು ಓಡಿಸುತ್ತಿದ್ದರು. ಗೆದ್ದೆ ಅಂದುಕೊಂಡೆ. ಕಾಲು ಚಾಚಿ, ಕಿಟಕಿಯ ಹೊರಗೆ ದೊಡ್ಡ ಮನಸ್ಸಿನಿಂದ ನೋಡತೊಡಗಿದೆ.

“ಅಲ್ಲ ಮಾರಾಯ್ರೆ,” ಎಂದಳು ವಸಂತಿ ಕನ್ನಡದಲ್ಲಿ, ಮೆಲ್ಲಗೆ. “ನೀವು ಬಲೆ ಎಳೆದದ್ದು ಯಾವಾಗ? ಮಲ್ಪೆಗೆ ಬಂದಾಗ ಮೊಣಕಾಲಿನವರೆಗೆ ನೀರಿಗೆ ಇಳಿಯಲಿಕ್ಕೂ ನಿಮಗೆ ಹೆದರಿಕೆ.”

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

“ಆ ಹಗ್ಗ ಹಿಡಿದು ಹೇಳುವ ಅಜ್ಜ ನಮ್ಮ ಮನೆಯ ಪಕ್ಕದವರು. ಕಡಲಿನ ಮೊರೆತ ಕೇಳಿ ಹೇಳ್ತಾ ಇದ್ದದ್ದು ನನ್ನ ಅಪ್ಪ. ಎಲ್ಲ ನಾನು ಹೇಳಿದ್ದಲ್ಲವಾ?”

ವಸಂತಿಯ ತಂದೆ ಮಲ್ಪೆ ಬಂದರಿನ ಒಂದು ಐಸ್ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಅವಳು ಹುಟ್ಟಿ ಬೆಳೆದದ್ದೇ ದಡದಲ್ಲಿ. ಇನ್ನು ಬೈಯುತ್ತಾಳೆ ಎಂದು ನಾನು ಸಿದ್ಧನಾದೆ. ಅವಳು ಬೈಯಲಿಲ್ಲ.

“ನಾನು ಹೇಳುವಾಗ ನೀವು ಪೇಪರ್ ಮುಖಕ್ಕೆ ಹಿಡ್ಕೊಂಡು ಕೂತಿರ್ತೀರಿ. ಒಂದು ‘ಹ್ಞೂಂ’ ಸಹ ಇಲ್ಲ. ಗೋಡೆಗೆ ಹೇಳಿದ ಹಾಗೆ ಅಂತ ನಿಲ್ಲಿಸಿಬಿಟ್ಟೆ. ಎಷ್ಟು ವರ್ಷ ಆಯ್ತು ಏನೋ. ನೀವು ಎಲ್ಲ ಕೇಳಿಸಿಕೊಂಡಿದ್ದೀರಿ!”

“ಕೇಳಿಸಿಕೊಳ್ತಾ ಇದ್ದೆ,” ಎಂದೆ.

“ಅದು ನನಗೆ ಗೊತ್ತಾಗುದು ಹೇಗೆ?” ಅಂದಳು. “ಬೆಳಿಗ್ಗೆಯಿಂದ ನೊರ್ಬು ದಾದಾನ ಮಾತಿಗೆ ನಾನು ‘ಹೌದಾ, ಹೌದಾ’ ಅಂತಿದ್ದೆ ನೋಡಿ, ನಿಮಗೆ ಕೋಪ ಬಂದದ್ದು ನನಗೆ ಗೊತ್ತುಂಟು. ಹೇಳುವವರಿಗೆ ಅಷ್ಟು ಬೇಕಾಗ್ತದೆ, ಮತ್ತೆಂತ ಇಲ್ಲ” ಎಂದಳು.

ಜೀಪು ಒಂದರ ಹಿಂದೊಂದು ತಿರುವು ಇಳಿಯಿತು. ಗ್ಯಾಸ್ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವಳಿಗೆ ಹೊಟ್ಟೆ ತೊಳಸತೊಡಗಿದಾಗ ಕಿತ್ತಳೆಯ ಸಿಪ್ಪೆಯನ್ನು ಹಿಚುಕಿ ಅವಳ ಮೂಗಿನ ಹತ್ತಿರ ಹಿಡಿದೆ. ಕಾಲಿಂಪಾಂಗ್ ಬರುವವರೆಗೂ ಹಿಡಿದೇ ಇದ್ದೆ. ಇಳಿಯುವಾಗ ನೊರ್ಬು ನನ್ನ ಕೈ ಕುಲುಕಿ, ಅಳುಕುತ್ತ, “ಸರ್, ನಿಮ್ಮ ನಂಬರ್ ಕೊಡಿ. ಮನೆಯವಳು ಕೇಳಿ ತನ್ನಿ ಎಂದಿದ್ದಾಳೆ” ಎಂದರು. ಪಾಪ ಅನ್ನಿಸಿತು. ಕೊಟ್ಟೆ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ನೊರ್ಬು ಅವರ ಫೋನಿನಿಂದ ಪೆಮಾರ ಪ್ರಶ್ನೆ ಬರುತ್ತದೆ. ಕಡಲಿನ ಮೀನಿಗೆ ಉಪ್ಪು ಹಾಕದಿದ್ದರೂ ನಡೆಯುತ್ತದೆಯೇ? ಅಲೆ ರಾತ್ರಿಯೂ ನಿಲ್ಲುವುದಿಲ್ಲವೇ? ಹುಣ್ಣಿಮೆಯ ದಿನ ನೀರು ಎಲ್ಲಿಯವರೆಗೆ ಬರುತ್ತದೆ? ಮೇಷ್ಟ್ರು ಹಲ್ಲು ಕಚ್ಚಿಕೊಂಡು ಅದನ್ನೆಲ್ಲ ಟೈಪ್ ಮಾಡುತ್ತಿರಬೇಕು. ನನ್ನ ದಾಸ್ತಾನು ಎರಡೇ ವಾರದಲ್ಲಿ ಮುಗಿಯಿತು. ಹಾಗಾಗಿ ನಾನು ಚಹಾ ಮಾಡಿ, ಎರಡು ಲೋಟ ತಂದು, ಪೇಪರನ್ನು ಮಡಚಿ ದೂರ ಇಟ್ಟು ವಸಂತಿಯ ಮುಂದೆ ಕೂರುತ್ತೇನೆ. ಅವಳು ಅವಸರವಿಲ್ಲದೆ ಹೇಳುತ್ತಾಳೆ. ಪ್ರಶ್ನೆ ಒಂದು ಇದ್ದರೆ ಉತ್ತರ ಹನ್ನೊಂದು ಗಂಟೆಯವರೆಗೆ ಬೆಳೆಯುತ್ತದೆ. ನಾನು ನಡುನಡುವೆ ಗಟ್ಟಿಯಾಗಿ ‘ಹೌದಾ!’ ಎನ್ನುತ್ತೇನೆ. ಮೊದಮೊದಲು ಅಭ್ಯಾಸಕ್ಕೆಂದು ಅಂದದ್ದು, ಈಗ ತಾನಾಗಿಯೇ ಬರುತ್ತದೆ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹಿಂದಿಗೆ ಇಳಿಸಿ ಕಳುಹಿಸುತ್ತೇನೆ. ಕೆಳಗೆ ಹೆಸರು ಮಾತ್ರ ನನ್ನದೇ ಹಾಕುತ್ತೇನೆ. ಅದನ್ನೂ ಬಿಟ್ಟುಕೊಡುವಷ್ಟು ನಾನಿನ್ನೂ ಸುಧಾರಿಸಿಲ್ಲ.