ನೇಕಾರರ ಬೀದಿಯಲ್ಲಿ ಒಂದು ಗುಟ್ಟಿನ ಪಾಸ್‌ವರ್ಡ್

ಇದು ನಡೆದದ್ದು ಕಳೆದ ಶ್ರಾವಣದ ಒಂದು ಮಂಗಳವಾರ. ಚಳ್ಳಕೆರೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಯಂತ್ರ ಕೆಟ್ಟಿತೆಂದು ಬರುವವರಿಗಿಂತ ಪಾಸ್‌ವರ್ಡ್ ಮರೆತು ಬರುವವರೇ ಹೆಚ್ಚು.

೧. ಫೋನು

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರೊಬ್ಬರ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ನಾನೇ ಲಿನಕ್ಸ್ ಹಾಕಿಕೊಟ್ಟಿದ್ದೆ. ಬೆಳಿಗ್ಗೆಯೇ ಅವರ ಫೋನು.

"ಸಾರ್, ಕಂಪ್ಯೂಟರ್ ಒಳಗೆ ಬಿಡ್ತಿಲ್ಲ. ಸೆರಗಿನ ಡಿಸೈನ್ ಅದರಾಗೇ ಐತೆ. ಸಂಜೆ ಮದುವೆ ಮನೆಯೋರು ನೋಡಾಕೆ ಬರ್ತಾರೆ. ತೋರಿಸ್ದಿದ್ರೆ ಬೇರೆ ಮಗ್ಗಕ್ಕೆ ಹೋಗ್ತಾರೆ."

"ಪಾಸ್‌ವರ್ಡ್?"

"ಬೀದಿಯೋರು ಡಿಸೈನ್ ಕದೀತಾರೆ ಅಂತ ನಿನ್ನೆ ಬದಲಾಯಿಸ್ದೆ. ಯಾರಿಗೂ ಗೊತ್ತಾಗ್ಬಾರ್ದು ನೋಡ್ರಿ."

"ಯಾರಿಗೂ ಗೊತ್ತಾಗಿಲ್ವಲ್ಲ?"

"ಇಲ್ಲ ಸಾರ್. ನನಗೂ."

೨. ಹಿಂಬಾಗಿಲು

ಬಸ್ಸಿಳಿದು ಹೋದೆ. ಪರದೆಗೆ ಟವೆಲ್ ಹೊದಿಸಿದ್ದರು.

"ಡಿಸೈನ್ ನೀವೂ ನೋಡ್ಬಾರ್ದು. ಟವೆಲ್ ತೆಗೀದೇ ಆಗಲ್ವಾ?"

ತೆಗೆದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಶಿಫ್ಟ್ ಕೀಲಿ ಒತ್ತಿ ಹಿಡಿದು, ಬಂದ ಪಟ್ಟಿಯಲ್ಲಿ ರಿಕವರಿ ಆರಿಸಿದೆ. ಪರದೆ ಕಪ್ಪಾಗಿ ಬಿಳಿ ಅಕ್ಷರಗಳು ಮೂಡಿದವು.

"ಅಯ್ಯೋ, ನನ್ನ ಸೆರಗು!"

ನೂಲು ಸುತ್ತುತ್ತಿದ್ದ ಅವರ ಅವ್ವ ಎದ್ದು ಬಂದು, ಏನಾಯಿತೆಂದು ತೆಲುಗಿನಲ್ಲಿ ಮಗನನ್ನು ಕೇಳಿದರು. "ಏಮೈಂದಿರಾ?"

"ಸೆರಗು ಒಳಗೇ ಐತೆ ಅವ್ವಾ," ಎಂದೆ. "ಪಾಸ್‌ವರ್ಡ್ ಇಲ್ದೆ ಹಿಂಬಾಗಿಲಿಂದ ಹೋಗ್ತಿದೀನಿ."

"ಹಿಂಬಾಗಿಲು ಬೇರೆ ಐತಾ? ಮೊದ್ಲು ಅದಕ್ಕೆ ಬೀಗ ಹಾಕಪ್ಪ!" ಎಂದರು ಅವ್ವ.

೩. ಹೊಸ ಪಾಸ್‌ವರ್ಡ್

ಆಜ್ಞೆ ಬರೆದು, "ಈಗ ಹೊಸದು ಒತ್ತಿ," ಎಂದೆ. ಆ ಪರದೆಯಲ್ಲಿ ಪಾಸ್‌ವರ್ಡ್ ಒತ್ತಿದರೆ ಏನೂ ಕಾಣುವುದಿಲ್ಲ, ಚುಕ್ಕೆ ಕೂಡ. ಕೀಬೋರ್ಡ್ ಕೆಲಸ ಮಾಡುತ್ತಿಲ್ಲವೆಂದು ನೇಕಾರರು ಪ್ರತಿ ಅಕ್ಷರವನ್ನೂ ಕುಟ್ಟಿ, ಜೊತೆಗೆ ಕೂಗಿ ಹೇಳಿದರು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಖಾತ್ರಿಗೆಂದು ಯಂತ್ರ ಎರಡನೇ ಸಲ ಕೇಳಿತು. ಎರಡನೇ ಸಲವೂ ಕೂಗಿದರು.

ಮತ್ತೆ ಚಾಲೂ ಮಾಡಿದೆವು. ಸೆರಗು ಬಂತು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಇನ್ನು ಯಾವನಿಗೂ ಸಿಗಲ್ಲ ಬಿಡ್ರಿ."

ಎದುರು ಮನೆಯ ಮಗ್ಗ ನಿಂತಿತು. ಒಳಗಿಂದ ಒಂದು ದನಿ: "ಅಣ್ಣಾ, ಕೊನೇದು ಏಳೋ, ಒಂಬತ್ತೋ?"

"ಏಳು ಕಣಲೇ!" ಎಂದು ಇವರು ಕೂಗಿ, ಆಮೇಲೆ ನನ್ನ ಮುಖ ನೋಡಿದರು.

ಸಂಜೆ ಮದುವೆ ಮನೆಯವರು ಸೆರಗು ಒಪ್ಪಿದರು. ಅಷ್ಟರೊಳಗೆ ನಾವು ಬದಲಾಯಿಸಿದ ಪಾಸ್‌ವರ್ಡ್‌ಗಳು ಒಟ್ಟು ನಾಲ್ಕು.