ಎಂಬತ್ತು ಕೆಜಿಯ ಇನ್ಸ್‌ಪೆಕ್ಟರು

ಹೋದ ವಾರದ ವಾಯ್ಸ್ ನೋಟ್ ಕೇಳಿ "ತಾತನಿಗೆ ನೆನಪು ಕೈಕೊಟ್ಟಿದೆ" ಎಂದು ನಕ್ಕವರು ಯಾರು? ನಿನ್ನೆ ಮಧ್ಯಾಹ್ನ ಏನು ತಿಂದಿರಿ, ಮೊದಲು ನೀವು ಹೇಳಿ. ಫೋನು ನೋಡುತ್ತ ತಿಂದವರ ನಾಲಿಗೆ ಸಾಕ್ಷಿ ಹೇಳುವುದಿಲ್ಲ. ನಾನು ಹೇಳುವುದು ಮೂವತ್ತು ವರ್ಷ ಹಳೆಯದು, ಆದರೂ ಒಂದು ಗ್ರಾಂ ಹೆಚ್ಚುಕಡಿಮೆಯಿಲ್ಲ.

ಅಂಗಡಿಗಳಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಗಳನ್ನು ಪರೀಕ್ಷಿಸುವ ಇನ್ಸ್‌ಪೆಕ್ಟರೊಬ್ಬರಿದ್ದರು. ಸರಿಯಿದ್ದರೆ ಸರ್ಟಿಫಿಕೇಟು, ತಪ್ಪಿದ್ದರೆ ಸೀಲು, ವ್ಯಾಪಾರ ಬಂದ್. ಅದಕ್ಕೆ ಇಪ್ಪತ್ತು ಕೆಜಿಯ ನಾಲ್ಕು ಕಬ್ಬಿಣದ ಕಲ್ಲು ಒಯ್ಯಬೇಕು. ಹೊರಲು ಒಬ್ಬ ಜವಾನನೂ ಇದ್ದ. ಆದರೆ ಇವರು ಕಲ್ಲು ಒಯ್ಯುತ್ತಿರಲಿಲ್ಲ, ತಾವೇ ತಕ್ಕಡಿ ಹತ್ತಿ ನಿಲ್ಲುತ್ತಿದ್ದರು. ಅವರ ತೂಕ ಸರಿಯಾಗಿ ಎಂಬತ್ತು.

ಆ ಎಂಬತ್ತನ್ನು ಇಳಿಸಲು ಎರಡು ವರ್ಷ ಒದ್ದಾಡಿದರು. ಎದುರುಮನೆಯವರು ಬರೀ ಸೌತೆಕಾಯಿ ಎಂದರು, ಪಕ್ಕದ ಮನೆಯವರು ಬರೀ ಬಿಸಿನೀರು ಎಂದರು, ಗುಮಾಸ್ತರು ಹೊತ್ತು ಮುಳುಗಿದ ಮೇಲೆ ಬಾಯಿಗೆ ಬೀಗ ಎಂದರು. ಮೂರು ಕೆಜಿ ಇಳಿಯುತ್ತಿತ್ತು. ಆಮೇಲೆ ಒಂದು ದಿನ ತಿಂಡಿ ಡಬ್ಬಿಗೆ ಕೈ ಹೋದರೆ ತಳ ಕಾಣುವವರೆಗೆ ಈಚೆ ಬರುತ್ತಿರಲಿಲ್ಲ. ಇಳಿದದ್ದೆಲ್ಲ ಊರಾಚೆ ಬಿಟ್ಟುಬಂದ ಬೆಕ್ಕಿನಂತೆ ವಾಪಸು.

ಕೊನೆಗೆ ಅವರ ಅಕ್ಕ ತಟ್ಟೆ ಮುಂದಿಟ್ಟು ಗದರಿದರು. "ಹಸಿದಾಗ ಕೂತ್ಕೊಂಡು ತಿನ್ನೋ. ಸಾಕು ಅನ್ನಿಸಿದ್ರೆ ಏಳು. ಊರೋರ ಮಾತೆಲ್ಲ ಕೇಳ್ತೀಯ, ನಿನ್ನ ಹೊಟ್ಟೆ ಮಾತು ಒಂದಿನಾನಾದ್ರೂ ಕೇಳಿದ್ದೀಯಾ?"

ಕೇಳಿದರು. ಬೇಕಾದದ್ದು ತಿಂದರು, ಸಾಕಾದಾಗ ತಟ್ಟೆ ಸರಿಸಿದರು. ಯಾವುದೂ ನಿಷಿದ್ಧವಲ್ಲ ಎಂದಾದ ಮೇಲೆ ಡಬ್ಬಿಯ ಸೆಳೆತವೂ ಹೋಯಿತು. ತೂಕ ಮರೆತೇಬಿಟ್ಟರು. ಬೆಲ್ಟು ಸಡಿಲವಾದರೆ ಚರ್ಮ ಹಳತಾಯಿತೆಂದು ಬೈದುಕೊಂಡರು.

ವರ್ಷದ ತಪಾಸಣೆ ಬಂತು. ಮೊದಲ ಅಂಗಡಿಯಲ್ಲಿ ತಕ್ಕಡಿ ಹತ್ತಿದರೆ ಎಪ್ಪತ್ತನಾಲ್ಕು. ಸೀಲು. ಎರಡನೆಯದೂ ಎಪ್ಪತ್ತನಾಲ್ಕು. ಸೀಲು. ಉಪವಾಸ ಬಿದ್ದಾಗ ಇಳಿಯದ ಮೈ ಹೊಟ್ಟೆತುಂಬ ಉಂಡರೆ ಇಳಿಯುತ್ತದೆಯೇ? ಹಾಗಾದರೆ ಇಡೀ ಪೇಟೆಯೇ ಕಳ್ಳಪೇಟೆ! ಮಧ್ಯಾಹ್ನಕ್ಕೆ ಹದಿಮೂರು ಸೀಲು ಬಿದ್ದವು. ಹದಿನಾಲ್ಕನೆಯ ಬೇಳೆ ಅಂಗಡಿಯಲ್ಲಿ ಮುಳ್ಳು ಎಂಬತ್ತಕ್ಕೆ ನಿಂತಿತು. "ಒಬ್ಬರಾದ್ರೂ ಪ್ರಾಮಾಣಿಕರಿದ್ದೀರಲ್ಲ" ಎಂದು ಬೇಳೆಯವನ ಕೈ ಕುಲುಕಿ ಸರ್ಟಿಫಿಕೇಟು ಕೊಟ್ಟರು. ಅವನು ಬೆವೆತುಹೋಗಿದ್ದ.

ಹದಿಮೂರು ಜನ ಕಚೇರಿಗೆ ನುಗ್ಗಿದರು. ತಪ್ಪು ಇನ್ಸ್‌ಪೆಕ್ಟರದಾದರೆ ಇವತ್ತೇ ಕೆಲಸದಿಂದ ಕಿತ್ತುಹಾಕುತ್ತೇನೆಂದರು ಮೇಲಧಿಕಾರಿ. ಈರುಳ್ಳಿ ಅಂಗಡಿಯ ಅಜ್ಜಿ ತಕ್ಕಡಿಯನ್ನೇ ಹೊರಿಸಿಕೊಂಡು ಬಂದಿದ್ದಳು. ನಾಲ್ಕು ಕಲ್ಲು ಇಟ್ಟರು. ಎಂಬತ್ತು. ಕಲ್ಲಿಳಿಸಿ ಇನ್ಸ್‌ಪೆಕ್ಟರನ್ನು ನಿಲ್ಲಿಸಿದರು. ಎಪ್ಪತ್ತನಾಲ್ಕು.

"ತಕ್ಕಡಿ ಸರಿಯಾಗೇ ಇದೆ ಕಣಪ್ಪ. ಇಳಿದಿರೋದು ನೀನು" ಎಂದಳು ಅಜ್ಜಿ.

ಕೆಲಸ ಹೋಗುವ ಹೊತ್ತಿನಲ್ಲಿ ಮುಖ ಅಷ್ಟು ಅರಳಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. "ಇನ್ನೊಂದ್ಸಲ ಹತ್ತಲಾ ಅಜ್ಜಿ?" ಎಂದರು.

ಅಜ್ಜಿಗೇ ನಗು ಬಂತು. ಹೋಗಲಿ ಬಿಡಿ ಸ್ವಾಮಿ ಎಂದು ಅವಳೇ ಮೇಲಧಿಕಾರಿಗೆ ಹೇಳಿದಳು. ಕೆಲಸ ಉಳಿಯಿತು. ಆದರೆ ಇನ್ನು ಪ್ರತಿ ಸಲವೂ ನಾಲ್ಕು ಕಲ್ಲನ್ನೂ ಇನ್ಸ್‌ಪೆಕ್ಟರೇ ಹೊರಬೇಕು, ಇವತ್ತೇ ಹದಿನಾಲ್ಕು ಅಂಗಡಿಯನ್ನೂ ಮತ್ತೆ ಪರೀಕ್ಷಿಸಬೇಕು ಎಂದು ಅಪ್ಪಣೆಯಾಯಿತು. ಬೇಳೆಯವನು ಅಷ್ಟರಲ್ಲಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದ. ಕಲ್ಲು ಯಾಕೆ ಒಯ್ಯಲಿಲ್ಲವೆಂದು ಮೇಲಧಿಕಾರಿ ಕೇಳಿದ್ದಕ್ಕೆ ಇನ್ಸ್‌ಪೆಕ್ಟರು "ಸೋಮಾರಿತನ ಸಾರ್" ಎಂದು ತಲೆ ತಗ್ಗಿಸಿದರು.

ಸೋಮಾರಿತನವಲ್ಲ. ಆ ಜವಾನ ನಾನೇ. ನನ್ನ ಬೆನ್ನಿಗೆ ಆಪರೇಶನ್ ಆಗಿತ್ತು. ಭಾರ ಎತ್ತಲಾರೆ ಎಂದು ಗೊತ್ತಾದರೆ ನನ್ನ ಕೆಲಸ ಹೋಗುತ್ತಿತ್ತು. ಅದಕ್ಕೇ ಅವರು ತಕ್ಕಡಿ ಹತ್ತುತ್ತಿದ್ದದ್ದು. ಮೈಯಿಂದ ಆರು ಕೆಜಿ ಇಳಿಸಿದ ಮಹಾರಾಯರು ಎಂಬತ್ತು ಕೆಜಿಯನ್ನು ಎರಡು ಕಂತಿನಲ್ಲಿ ಹೆಗಲಿಗೇರಿಸಿಕೊಂಡು ಹೊರಟರು. ನನ್ನ ಕೈಗೆ ಸೀಲಿನ ಡಬ್ಬಿ ಮಾತ್ರ.

ಏಳನೆಯ ಅಂಗಡಿಯ ಹತ್ತಿರ ಕಲ್ಲಿಳಿಸಿ ಬೆವರು ಒರೆಸಿಕೊಂಡು, "ಹಸಿವಾಗ್ತಿದೆ, ಬಾರಯ್ಯ, ಕೂತು ತಿನ್ನೋಣ" ಎಂದರು. ತಿಂದೆವು. ಸಾಕಾದಾಗ ಎದ್ದೆವು.

ಆ ಊಟದ ಋಣ ನನ್ನ ಮೇಲಿದೆ. ನಿಮ್ಮಲ್ಲಿ ಯಾರಾದರೂ ಸೌತೆಕಾಯಿ ಕಡಿಯುತ್ತ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಇದನ್ನು ಅವರಿಗೂ ಕಳಿಸಿ. ಹಸಿದಿದ್ದರೆ ಊಟ ಮುಗಿಸಿ ಕೇಳಲಿ.