ಮೈಸೂರು ಸೀಮೆಯ ಅಳಿಯ

ಹೆಣ್ಣಿನ ಲಕ್ಷಣ ನೋಡಿ ಮದುವೆಯಾಗುವವರುಂಟು, ಮಾವನ ತೆಂಗಿನ ತೋಟ ನೋಡಿ ಆಗುವವರೂ ಉಂಟು. ನಾನು ಮೈಸೂರು ಮಹಾರಾಜರನ್ನು ನೆಚ್ಚಿಕೊಂಡು ಮದುವೆಯಾದವನು. ನನ್ನದು ರಾಣೆಬೆನ್ನೂರು, ಅಂದರೆ ತುಂಗಭದ್ರೆಯ ಆಚೆ, ಬ್ರಿಟಿಷರ ಮುಂಬಯಿ ಪ್ರಾಂತ್ಯ. ಕಡೂರಿನ ಶಾಲೆಗೆ ಹಂಗಾಮಿ ಮೇಷ್ಟ್ರಾಗಿ ಬಂದವನಿಗೆ ಖಾಯಂ ಆಗುವ ಆಸೆ. ಆದರೆ ಖಾಯಂ ಕೆಲಸಕ್ಕೆ ಮೈಸೂರಿನ ಪ್ರಜೆಯೇ ಆಗಿರಬೇಕು. "ಇಲ್ಲೇ ಒಂದು ಹೆಣ್ ತಗೊಂಬಿಡಿ ಮೇಷ್ಟ್ರೇ, ಆಮೇಲೆ ನೀವು ನಮ್ಮೋರೇ" ಎಂದರು ಹೆಡ್‌ಮೇಷ್ಟ್ರು. ಅಜ್ಜಂಪುರದ ಗೌರಮ್ಮನ ಕೈ ಹಿಡಿದೆ. ಅವಳ ಲಕ್ಷಣ ನೋಡಲಿಲ್ಲವೆಂದಲ್ಲ. ನೋಡಿದ ಮೇಲೆ ಮಹಾರಾಜರು ಕೊಂಚ ಮರೆತೇ ಹೋದರು.

ಮೈಮೇಲಿನ ಅರಿಶಿನ ಮಾಸುವ ಮುಂಚೆಯೇ, ಮೈಸೂರಿನ ಪ್ರಜೆಯೆಂದು ಬರೆಸಿಕೊಳ್ಳಲು ತಾಲ್ಲೂಕಿನ ಅಮಲ್ದಾರರ ಮುಂದೆ ಹೋಗಿ ನಿಂತೆ. ಅವರು ಕನ್ನಡಕ ತೆಗೆದು ನಕ್ಕರು. "ಹೆಣ್ಣು ಗಂಡನ ಕಡೆಗೆ ಸೇರ್ತಾಳೆ ಕಣ್ರೀ. ನೀವು ಒಳಗೆ ಬಂದ ಹಾಗಾಗ್ಲಿಲ್ಲ, ನಮ್ಮ ಹುಡುಗೀನೇ ಹೊರಗೆ ಕರ್ಕೊಂಡ್ ಹೋದ ಹಾಗಾಯ್ತು."

ಮನೆಗೆ ಬಂದು ಅಳುಕುತ್ತಲೇ ಹೇಳಿದೆ. ಗೌರಮ್ಮ ಸೌಟು ಕೆಳಗಿಟ್ಟಳು.

"ಹಂಗಾದ್ರೆ ನಾನೀಗ ಯಾವ ರಾಜನೋಳು?"

"ಇಂಗ್ಲೆಂಡಿನವನು."

"ದಸರಾದಲ್ಲಿ ಅಂಬಾರಿ ಮೇಲೆ ಕೂರ್ತಾನಾ?"

"ಇಲ್ಲ."

ಅವತ್ತಿನ ಸಾರಿಗೆ ಉಪ್ಪು ಬೀಳಲಿಲ್ಲ.

ಅಜ್ಜಂಪುರದ ಮಾವನವರು ಮಾತ್ರ, "ಸರ್ಕಾರ ಏನಾರ ಅನ್ಲಿ, ನೀವು ಈ ಮನೆ ಮಗ ಇದ್ದಂಗೆ" ಎಂದರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನನಗೆ ಆ ಮಾತಿಗೆ ಕಣ್ಣು ತುಂಬಿತು. ಆದರೆ ಊಟದ ಹೊತ್ತಿಗೆ ಹಜಾರದಲ್ಲಿ ನನಗೊಬ್ಬನಿಗೇ ಮಣೆ, ಬಾಳೆಲೆ, ಪಕ್ಕದಲ್ಲಿ ನಿಂತು ತುಪ್ಪ ಬಡಿಸುವ ಮಾವ. ಅಳಿಯನ ಎದುರಿಗೆ ಬರಬಾರದೆಂಬ ಪದ್ಧತಿಯಿಂದ ಅತ್ತೆ ಅಡುಗೆಮನೆಯ ಬಾಗಿಲ ಮರೆಯಲ್ಲೇ ನಿಂತು, "ಅಳಿಯಂದ್ರಿಗೆ ಇನ್ನೊಂದು ಹೋಳಿಗೆ ಹಾಕಿ" ಎನ್ನುವರು. ಒಳಗೆ ಭಾವಮೈದುನರು ಅತ್ತೆಯ ಸುತ್ತ ಕೂತು ಕಿತ್ತಾಡುತ್ತ, ಬೈಸಿಕೊಳ್ಳುತ್ತ ಬಿಸಿ ಮುದ್ದೆ ಮುರಿಯುತ್ತಿದ್ದರು. "ಲೇ, ಸಾಕು ಮಾಡೋ, ಅವನಿಗೂ ಬಿಡೋ" ಎಂದು ಅತ್ತೆ ಗದರಿಸುವುದು ಕೇಳಿಸುತ್ತಿತ್ತು. ನನಗೂ ಹಾಗೆ ಯಾರಾದರೂ ಗದರಿಸಲಿ ಎಂದು ಹೋಳಿಗೆ ಮುಂದಿಟ್ಟುಕೊಂಡು ಹಂಬಲಿಸುತ್ತಿದ್ದೆ.

ಒಂದು ದಿನ ತಡೆಯಲಾರದೆ ಎದ್ದು, ಎಲೆಯನ್ನು ಎತ್ತಿಕೊಂಡು ನೇರ ಅಡುಗೆಮನೆಗೆ ನುಗ್ಗಿ ಭಾವಮೈದುನರ ನಡುವೆ ಕೂತುಬಿಟ್ಟೆ. ಗಲಾಟೆ ತಟ್ಟನೆ ನಿಂತಿತು. ಹುಡುಗರು ಎಂಜಲು ಕೈಯಲ್ಲೇ ಎದ್ದು ನಿಂತರು. ಅತ್ತೆ ಸೆರಗು ಎಳೆದುಕೊಂಡು ಪಕ್ಕದ ಕಣಜದ ಕೋಣೆ ಸೇರಿದರು. ನಾನು ಹಜಾರಕ್ಕೆ ಮರಳುವವರೆಗೆ ಅವರು ಆ ಕತ್ತಲೆಯಿಂದ ಹೊರಬರಲಿಲ್ಲ. "ಅಮ್ಮ ಊಟಾನೇ ಮಾಡ್ಲಿಲ್ಲ ಕಣ್ರೀ, ಬಡಿಸೋದ್ರಲ್ಲಿ ಏನ್ ಕಮ್ಮಿ ಆಯ್ತೋ ಅಂತ" ಎಂದಳು ಗೌರಮ್ಮ.

ವರ್ಷಗಟ್ಟಲೆ ಇಲ್ಲೇ ನೆಲೆಸಿದ್ದಕ್ಕೆ ಕಡೆಗೂ ಸರ್ಕಾರ ನನ್ನನ್ನು ಮೈಸೂರಿನವನೆಂದು ಒಪ್ಪಿತು, ಕೆಲಸವೂ ಖಾಯಂ ಆಯಿತು. ಗೌರಮ್ಮನಿಗೆ ಅವಳ ಮಹಾರಾಜರು ವಾಪಸು ಸಿಕ್ಕರು. ಅತ್ತೆ ಮಾತ್ರ ಕೊನೆಯವರೆಗೂ ಬಾಗಿಲ ಮರೆಯಲ್ಲೇ ಉಳಿದರು. ಅವರ ಮುಖ ನಾನು ಸರಿಯಾಗಿ ನೋಡಿದ್ದು ಅವರು ತೀರಿಕೊಂಡ ದಿನವೇ.

ಮೊನ್ನೆ ನಮ್ಮ ಮಗಳ ಗಂಡ ತರೀಕೆರೆಯಿಂದ ಬಂದಿದ್ದರು. ಊಟದ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಒಳಗೆ ಮಕ್ಕಳ ಜಗಳ ಕೇಳುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ನಾನು ಗಾಬರಿಯಿಂದ ಓಡಿದೆ.

"ಅಯ್ಯೋ, ನೀವ್ಯಾಕೆ ಇಲ್ಲಿ ನಿಂತ್ರಿ? ಬನ್ನಿ, ಬನ್ನಿ" ಎಂದು ಕೈ ಹಿಡಿದು ಕರೆತಂದು, ಹಜಾರದಲ್ಲಿ ಒಬ್ಬರನ್ನೇ ಕೂರಿಸಿ, ಪಕ್ಕದಲ್ಲಿ ನಿಂತು ನಾನೇ ತುಪ್ಪ ಬಡಿಸಿದೆ.